ಮೂವತ್ತು ಏಟಿಗೊಂದು ನಿಮಿಷ

ಕುರ್ಚಿ ಇದ್ದೂ ಕೂಡದ ಮನುಷ್ಯರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಇಳಕಲ್ಲಿನ ದವಾಖಾನೆಯಲ್ಲಿ ಅವರಿಗೆಂದು ಬೆತ್ತದ ಕುರ್ಚಿಯೊಂದಿತ್ತು. ಅದರ ಮೇಲೆ ಅವರ ಟೊಪ್ಪಿಗೆ ಕೂಡುತ್ತಿತ್ತು, ಒಮ್ಮೊಮ್ಮೆ ಔಷಧಿಯ ಬಾಟಲಿಗಳು ಕೂಡುತ್ತಿದ್ದವು, ಮಧ್ಯಾಹ್ನದ ಹೊತ್ತು ದವಾಖಾನೆಯ ಬೆಕ್ಕು ಕೂಡುತ್ತಿತ್ತು. ಡಾಕ್ಟರ್ ಸಾಹೇಬರು ಮಾತ್ರ ಪಡಸಾಲೆಯ ಈ ತುದಿಯಿಂದ ಆ ತುದಿಗೆ ತಿರುಗುತ್ತಲೇ ರೋಗಿಗಳ ದೂರು ಕೇಳುತ್ತಿದ್ದರು. ಬೆಂಚಿನ ಮೇಲಿನ ಮಂದಿ ಅವರನ್ನು ನೋಡಿ ನೋಡಿ ಕುತ್ತಿಗೆ ಹಿಡಿಸಿಕೊಂಡು, ತಂದ ಬೇನೆಯ ಜೊತೆಗೆ ಇನ್ನೊಂದು ಬೇನೆ ಕಟ್ಟಿಕೊಂಡು ಹೋಗುತ್ತಾರೆ ಎಂದು ನಾನೇ ಓಣಿಯಲ್ಲಿ ಹೇಳಿ ನಗಿಸುತ್ತಿದ್ದೆ. ಈಗ ಆ ಮಾತು ನೆನಪಾದರೆ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಪ್ಲೇಗಿಗೆ ಅಂಜಿ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿ ತಿರುಗಿ ಬಂದ ವರ್ಷಗಳು ಅವು. ಸಾಹೇಬರು ಬಾದಾಮಿಯ ಹಳೆಯ ಮುಸಲ್ಮಾನ ಮನೆತನದವರು. ಪುಣೆಯಲ್ಲಿ ಡಾಕ್ಟರಕಿ ಕಲಿತು ಬಂದಿದ್ದರು. ವಯಸ್ಸು ನಲವತ್ತರ ಒಳಗೆ. ತೆಳ್ಳಗೆ, ಎತ್ತರಕ್ಕೆ ಇದ್ದರು. ನಡೆಯುವಾಗ ಬಲಗೈಯ ಎರಡು ಬೆರಳು ಎಡಗೈಯ ಮಣಿಕಟ್ಟಿನ ಮೇಲೆ ಇರುತ್ತಿದ್ದವು. ಕೆಲವರಿಗೆ ಮೀಸೆ ತಿರುವುವ ಚಟ ಇರುತ್ತದೆ, ಇವರಿಗೆ ಇದೊಂದು ಎಂದುಕೊಂಡಿದ್ದೆ. ನನ್ನಂಥ ಸಾಲಿಯ ಮಾಸ್ತರನಿಗೆ ಇನ್ನೊಬ್ಬರ ಚಟ ಎಣಿಸುವುದೇ ಒಂದು ಚಟ.

ಊರಿನ ಮೇಲೆ ಅವರಿಗಿದ್ದ ದೊಡ್ಡ ಸಿಟ್ಟು ರಕ್ತದ ಬಗ್ಗೆ. ತಲೆ ತಿರುಗಿದರೂ ರಕ್ತ ಕೆಟ್ಟಿದೆ, ಕಾಲು ಜುಮ್ಮೆಂದರೂ ರಕ್ತ ಕೆಟ್ಟಿದೆ ಎನ್ನುವ ಮಂದಿ ನಮ್ಮವರು. ಬೇಸಿಗೆ ಬಂತೆಂದರೆ ಹಜಾಮನ ಹತ್ತಿರ ಹೋಗಿ ಜಿಗಣೆ ಹಚ್ಚಿಸಿಕೊಂಡು ಬರುತ್ತಿದ್ದರು. ಒಮ್ಮೆ ನೇಕಾರರ ಹೆಣ್ಣುಮಗಳೊಬ್ಬಳು, ಮುಖ ಬೂದಿಯಾದಾಕೆ, ಜಿಗಣೆ ಹಚ್ಚಿಸಿಕೊಂಡ ಮೇಲೆ ಓಣಿಯಲ್ಲೇ ಬಿದ್ದಳು. ದವಾಖಾನೆಗೆ ಹೊತ್ತುಕೊಂಡು ಬಂದರು. ಸಾಹೇಬರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ, ಹೊತ್ತು ತಂದವರಿಗೆಲ್ಲ ಒಬ್ಬೊಬ್ಬರಾಗಿ ಬಂದು ನೋಡಲು ಹೇಳಿದರು.

"ಕೆಂಪು ಐತೇನ್ರೀ ಇಲ್ಲೆ? ಬೆಳ್ಳಗ ಹಿಂಜಿದ ಅರಳಿಯಂಗೈತಿ. ಈಕಿ ರಕ್ತ ಕೆಟ್ಟಿಲ್ಲ, ಈಕೀಗೆ ರಕ್ತಾನ ಇಲ್ಲ! ಇದ್ದ ಬೊಗಸಿ ನೀರನ್ನೂ ಚೆಲ್ಲಿ ಬಂದೀರಿ."

ಅವಳಿಗೆ ಕಬ್ಬಿಣದ ಔಷಧಿ ಕೊಟ್ಟರು. ಅದನ್ನು ಕುಡಿದರೆ ಹಲ್ಲು ಕಪ್ಪಾಗುತ್ತಿದ್ದವು. ಆ ವರ್ಷ ಇಳಕಲ್ಲಿನ ಎಷ್ಟೋ ಹೆಣ್ಣುಮಕ್ಕಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಗಲ್ಲದಲ್ಲಿ ಮಾತ್ರ ಸ್ವಲ್ಪ ಕೆಂಪು ಕಾಣತೊಡಗಿತ್ತು.

ನನಗೆ ಅವರ ಗುರುತು ಹತ್ತಿದ್ದು ನನ್ನ ಅಕ್ಕನಿಂದ. ಅವ್ವ ಹೋದಾಗ ನನಗೆ ಐದು ವರ್ಷ. ಅಕ್ಕ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಗಂಡನ ಮನೆಗೆ ಬಂದವಳು. ರಾಟೆ ತಿರುವಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ, ಭಾವ ದಣಿದಾಗ ತಾನೇ ಮಗ್ಗದ ಕುಣಿಗೆ ಇಳಿದು ನೇಯುತ್ತ ನನ್ನನ್ನು ಮಾಸ್ತರನನ್ನಾಗಿ ಮಾಡಿದಳು. ಅವಳಿಗೆ ಮಕ್ಕಳಾಗಲಿಲ್ಲ. ನಾನೇ ಇದ್ದೆನಲ್ಲ. ಆ ಅಕ್ಕ ಒಂದು ವರ್ಷದಿಂದ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದಳು. ಪಾದ ಬಾತು ಕಾಲ್ಗಡಗ ಏರುತ್ತಿರಲಿಲ್ಲ. ಮಲಗಿದರೆ ಉಸಿರು ಹಿಡಿಯುತ್ತದೆಂದು ಗೋಡೆಗೆ ಬೆನ್ನು ಆನಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ನನಗೆ ಹುಟ್ಟಿದಂದಿನಿಂದ ಯಾವುದಕ್ಕೂ ಅಷ್ಟು ಅಂಜಿಕೆ ಆಗಿರಲಿಲ್ಲ.

ಸಾಹೇಬರು ಮನೆಗೆ ಬಂದರು. ಕೂಡಲಿಕ್ಕೆ ಮಣೆ ಹಾಕಿದೆವು. ಮಣೆ ಹಾಗೇ ಉಳಿಯಿತು. ಎದೆಗೆ ಕೊಳವೆ ಇಡಬೇಕೆಂದಾಗ ಅಕ್ಕ ನಾಚಿ ಗೋಡೆಯ ಕಡೆ ಹೊರಳಿದಳು. ಅವರು ಕೊಳವೆಯ ತುದಿಯನ್ನು ಅವಳ ಕೈಗೇ ಕೊಟ್ಟು, "ನೀವ ಸೆರಗಿನೊಳಗ ಹಿಡಕೊಳ್ಳ್ರಿ ಅಕ್ಕಾರ, ನಾ ಆ ಕಡಿ ಮುಖಾ ಮಾಡಿ ಕೇಳತೇನಿ" ಎಂದರು. ಬಹಳ ಹೊತ್ತು ಕೇಳಿದರು. ಬಾಗಿಲ ಕಡೆ ನೋಡುತ್ತಲೇ ಪ್ರಶ್ನೆ ಕೇಳಿದರು.

"ಸಣ್ಣಾಕಿ ಇದ್ದಾಗ ಜ್ವರ ಬಂದು ಮೊಣಕಾಲು, ಮೊಣಕೈ ಬಾತಿದ್ವೇನ್ರೀ? ಇವತ್ತ ಒಂದು ಕೀಲು, ನಾಳೆ ಇನ್ನೊಂದು?"

"ಹೌದ್ರಿ. ಹತ್ತ ವರ್ಷದಾಕಿ ಇದ್ದೆ. ಎರಡ ತಿಂಗಳ ಹಾಸಿಗಿ ಹಿಡದಿದ್ದೆ."

ಆಮೇಲೆ ಅವರು ಮಾಡಿದ ಕೆಲಸವನ್ನು ಬೇರೆ ಯಾವ ಡಾಕ್ಟರೂ ಮಾಡಿದ್ದನ್ನು ನಾನು ಕಾಣೆ. ಕೊಳವೆಯನ್ನು ಭಾವನ ಕಿವಿಗೆ ಇಟ್ಟರು. ಭಾವ ಮೂವತ್ತು ವರ್ಷ ಮಗ್ಗದ ಸಪ್ಪಳದಲ್ಲಿ ಬದುಕಿದವನು. ಗೋಡೆಯಾಚೆ ಎಳೆ ಹರಿದರೆ ಈಚೆ ಕೂತು ಹೇಳುತ್ತಿದ್ದ. ಕಣ್ಣು ಮುಚ್ಚಿ ಕೇಳಿದ.

"ಮಗ್ಗದ ಹಲಿಗಿ ಬಡದಂಗ ಬಡೀತೈತ್ರಿ. ಆದ್ರ ಬಡದ ಮ್ಯಾಲ ಏನೋ ಸರ್ರಂತೈತಿ. ಮತ್ತ, ಏಟು ಒಂದ ಸಮ ಬೀಳಾಕತ್ತಿಲ್ಲ."

ಸಾಹೇಬರು ಚಪ್ಪಾಳೆ ತಟ್ಟಿಬಿಟ್ಟರು. "ಅದು ಕೇಳಾಕ ನನಗ ಪುಣೇದಾಗ ಆರ ತಿಂಗಳ ಹಿಡೀತು ಯಜಮಾನ್ರ! ಎದಿಯೊಳಗ ಬಾಗಿಲದಾವು. ನಿಮ್ಮ ಲಾಳಿ ಹೋಗತೈತಿ, ತಿರಗಿ ಬರತೈತಿ. ರಕ್ತ ಹಂಗಲ್ಲ. ಮುಂದ ಹೋದದ್ದು ಅದ ದಾರೀಲೆ ಹಿಂದಕ ಬರಬಾರದು. ಆ ಜ್ವರ ಅಕ್ಕಾರ ಒಂದ ಬಾಗಿಲ ಕೆಡಿಸಿ ಹೋಗೇತಿ. ಸರಿಯಾಗಿ ಮುಚ್ಚವಲ್ಲದು. ಹಿಂದಕ ಬಂದ ರಕ್ತದ ಸಪ್ಪಳ ಅದು."

"ಬಾಗಿಲ ರಿಪೇರಿ ಆಕ್ಕೈತೇನ್ರೀ?" ಎಂದು ನಾನು ಕೇಳಿದೆ.

"ಇಲ್ಲ." ಮಾತು ಮುಚ್ಚಿಡುವುದು ಅವರಿಗೆ ಬರುತ್ತಿರಲಿಲ್ಲ. "ಆದ್ರ ಓಡೋ ಎದಿಯನ್ನ ನಡಸಬಹುದು. ನಡದ್ರ ಭಾಳ ವರ್ಷ ಬಾಳತಾರ."

ಯಾವುದೋ ವಿಲಾಯತಿ ಹೂಗಿಡದ ಎಲೆಯಿಂದ ತೆಗೆದ ಔಷಧಿ ಅದು, ಡಿಜಿಟಾಲಿಸ್. ದಿನಕ್ಕೆ ಮೂರು ಸಲ, ನೀರಿನಲ್ಲಿ ಹತ್ತು ಹನಿ. ಉಪ್ಪು ಕಡಿಮೆ, ಮಗ್ಗದ ಕುಣಿಗೆ ಇಳಿಯಕೂಡದು. ಹನಿ ಹೆಚ್ಚಾದರೆ ಅದೇ ವಿಷ. ಆದ್ದರಿಂದ ಪ್ರತಿ ಸಲ ಹನಿ ಕೊಡುವ ಮೊದಲು ಒಂದು ನಿಮಿಷ ನಾಡಿ ಎಣಿಸಬೇಕು, ಅರವತ್ತಕ್ಕಿಂತ ಕಡಿಮೆ ಬಂದರೆ ಕೊಡಬಾರದು. ತೊಡಕು ಬಂದದ್ದು ಅಲ್ಲಿ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ನಿಮಿಷ ಎಂಬುದು ನಾನು ಸಾಲಿಯಲ್ಲಿ ಕಲಿಸುವ ಪದ, ಮನೆಯಲ್ಲಿರುವ ವಸ್ತುವಲ್ಲ.

ಸಾಹೇಬರು ಮನೆಯೊಳಗೇ ಹತ್ತು ಸುತ್ತು ಹಾಕಿದರು. ಥಟ್ಟನೆ ಮಗ್ಗದ ಮುಂದೆ ನಿಂತು ಜೇಬಿನಿಂದ ಗಡಿಯಾರ ತೆಗೆದು, "ನೇಯ್ರಿ" ಎಂದರು. ಭಾವ ಲಾಳಿ ಎಸೆದು ಹಲಗೆ ಬಡಿಯತೊಡಗಿದ. ಒಂದು ನಿಮಿಷಕ್ಕೆ ಮೂವತ್ತು ಏಟು. ಇನ್ನೊಮ್ಮೆ ನೋಡಿದರು, ಮೂವತ್ತು. ಮರುದಿನ ಬಂದು ನೋಡಿದರು, ಮೂವತ್ತೇ.

"ನಿಮ್ಮ ಮನ್ಯಾಗ ಗಡಿಯಾರಿಲ್ಲ ಅಂದವರ್ಯಾರು? ಯಜಮಾನ್ರು ಮೂವತ್ತ ಏಟು ಹೊಡಿಯೂದ್ರಾಗ ಮಾಸ್ತರ ನಾಡಿ ಎಣಸಲಿ. ಮುಗೀತು."

ಹಾಗೇ ನಡೆಯಿತು. ಭಾವ "ಹೂಂ" ಎಂದು ಸುರು ಮಾಡುತ್ತಿದ್ದ, "ಮೂವತ್ತು" ಎಂದು ಕೂಗಿ ನಿಲ್ಲಿಸುತ್ತಿದ್ದ. ನಡುವೆ ನಾನು ಅಕ್ಕನ ಮುಂಗೈ ಹಿಡಿದು ಎಣಿಸುತ್ತಿದ್ದೆ. ಮೊದಲ ದಿನ ನೂರಾ ಹದಿನೆಂಟು ಬಂತು, ಅದೂ ಕುಂಟುತ್ತ. ವಾರದಲ್ಲಿ ಎಂಬತ್ತಕ್ಕೆ ಇಳಿಯಿತು. ಪಾದದ ಬಾವು ಇಳಿದು ಕಾಲ್ಗಡಗ ಏರಿದವು. ಅಕ್ಕ ಹಾಸಿಗೆಯ ಮೇಲೆ ಮಲಗಿ ನಿದ್ದೆ ಮಾಡಿದ ದಿನ ಭಾವ ಓಣಿಗೆಲ್ಲ ಬೆಲ್ಲ ಹಂಚಿದ. ನಾನಂತೂ ಅರ್ಧ ಡಾಕ್ಟರನೇ ಆಗಿಬಿಟ್ಟಿದ್ದೆ. ಸಾಲಿಯಲ್ಲಿ ಯಾರಾದರೂ ಕೆಮ್ಮಿದರೂ ಮುಂಗೈ ಹಿಡಿಯುತ್ತಿದ್ದೆ.

ಮೂರನೆಯ ವಾರ ಅಕ್ಕನಿಗೆ ಊಟ ಸೇರದಾಯಿತು. ಓಕರಿಕೆ ಬರುತ್ತಿತ್ತು. ಬಿಸಿಲಿನ ತಾಪ ಎಂದುಕೊಂಡೆವು. ನಾಡಿ ನೋಡಿದರೆ ಅರವತ್ತಾರು, ಅರವತ್ತನಾಲ್ಕು, ಅರವತ್ತಮೂರು. ಅರವತ್ತರ ಮೇಲೇ ಇದೆಯಲ್ಲ ಎಂದು ನಾನು ಹನಿ ಕೊಡುತ್ತಲೇ ಇದ್ದೆ. ಒಂದು ಮುಂಜಾನೆ ಅಕ್ಕ ಕಂಡಿಕೆಗೆ ಸುತ್ತಲು ತೆಗೆದ ನೂಲಿನ ಲಡಿಯನ್ನು ನನ್ನ ಮುಂದೆ ಒಗೆದಳು.

"ಬಿಳಿ ನೂಲು ಅಂತ ಹೇಳಿ ಹಳದಿ ಕೊಟ್ಟಾನ, ಭಾಡ್ಯಾ. ಇದನ್ನ ಸೆರಗಿಗೆ ಹಾಕಿದ್ರ ಸೀರಿ ಯಾರ ತಗೋತಾರ? ಹೋಗಿ ತಿರಗಿ ಕೊಟ್ಟ ಬಾ."

ನನ್ನ ಕಣ್ಣಿಗೆ ಅದು ಬೆಳ್ಳಗೇ ಕಂಡಿತು. ಆದರೆ ನೇಕಾರರ ಮನೆಯಲ್ಲಿ ಬಣ್ಣದ ಮಾತಿಗೆ ಅಕ್ಕನ ಕಣ್ಣೇ ಕೋರ್ಟು. ಕೆಂಪಿನಲ್ಲಿ ಹದಿನಾರು ತರ ಗುರುತಿಸುವವಳು. ನನ್ನ ಕಣ್ಣಿನದೇ ದೋಷವಿರಬೇಕು ಎಂದು ಭಾವನನ್ನು ಕೇಳಿದೆ. ಅವನೂ ಲಡಿಯನ್ನು ಹೊರಳಿಸಿ ನೋಡಿ, "ಆಕಿ ಅಂದ್ರ ಇರಬೇಕ ಬಿಡು" ಎಂದ. ಬೇರೆ ಊರಿನ, ಬೇರೆ ಕಸುಬಿನ ಮನೆಯಾಗಿದ್ದರೆ ಅವಳ ಕಣ್ಣಿಗೆ ಏನಾಯಿತೆಂದು ಕೇಳುತ್ತಿದ್ದರು. ನಾವು ನೂಲಿಗೆ ಏನಾಯಿತೆಂದು ಕೇಳಲು ಹೊರಟೆವು.

ನೂಲಿನ ಅಂಗಡಿಯ ಮುಂದೆ ಜಗಳವೇ ಆಯಿತು. ಅಂಗಡಿಯವನು ಲಡಿಯನ್ನು ಬಿಸಿಲಿಗೆ ಹಿಡಿದು, "ಮಾಸ್ತರ, ಕಣ್ಣ ತೊಳಕೊಂಡ ಬರ್ರಿ. ಹಾಲಿನಂಗೈತಿ" ಎಂದ. ನಾನು, "ನಮ್ಮಕ್ಕ ಸುಳ್ಳ ಹೇಳತಾಳೇನು?" ಎಂದೆ. ಮಂದಿ ಕೂಡಿದರು. ಆ ದಾರಿಯಲ್ಲೇ ಎಂದಿನ ಹಾಗೆ ದಾಪುಗಾಲು ಹಾಕುತ್ತ ಹೊರಟಿದ್ದ ಸಾಹೇಬರು ಮಂದಿಯನ್ನು ಸರಿಸಿ ಒಳಗೆ ಬಂದರು.

"ಯಾರಿಗೆ ಹಳದಿ ಕಾಣಾಕತ್ತೇತಿ?"

"ಅಕ್ಕಗರಿ."

ಅವರ ಮುಖದ ಬಣ್ಣ ಹೋಯಿತು. ಊರಿನ ಡಾಕ್ಟರು ಬಜಾರದಲ್ಲಿ ಓಡಿದ್ದನ್ನು ಇಳಕಲ್ಲು ಅಂದೇ ನೋಡಿದ್ದು. ನಾನು ಲಡಿಯನ್ನು ಅಲ್ಲೇ ಬಿಟ್ಟು ಹಿಂದೆ ಓಡಿದೆ.

ಮನೆಗೆ ಬಂದವರೇ ಅಕ್ಕನ ಮುಂಗೈ ಹಿಡಿದು ಗಡಿಯಾರ ತೆಗೆದರು. ಎಣಿಸಿ ನನ್ನನ್ನು ನೋಡಿದರು.

"ಮುಂಜಾನಿ ನಿಮಗ ಎಷ್ಟ ಬಂದಿತ್ತು?"

"ಅರವತ್ತಮೂರು."

"ಈಗ ನಲವತ್ತೆರಡೈತಿ. ಹನಿ ವಿಷ ಆದ್ರ ಬಿಳೀದು ಹಳದಿ ಕಾಣತೈತಿ. ಮುಂಜಾನಿ ಹನಿ ಕೊಟ್ಟೀರೇನು?"

ಕೊಟ್ಟಿದ್ದೆ. ಸಾಹೇಬರು ಮಗ್ಗದ ಕಡೆ ತಿರುಗಿ, "ನೇಯ್ರಿ" ಎಂದರು. ಭಾವ ಸುರು ಮಾಡಿದ. ಕೆಂಪು ಎಳೆಗಳನ್ನು ಕೈಯಿಂದ ಎತ್ತಿ, ಬಿಳಿ ನೂಲನ್ನು ತೂರಿಸಿ, ಸರಿ ಮಾಡಿ, ಆಮೇಲೆ ಒಂದು ಏಟು. ಮತ್ತೆ ಎತ್ತಿ, ತೂರಿಸಿ, ಒಂದು ಏಟು. ಮೂವತ್ತು ಏಟು ಮುಗಿಯುವಾಗ ಗಡಿಯಾರದಲ್ಲಿ ಒಂದೂವರೆ ನಿಮಿಷ ಆಗಿತ್ತು.

"ಏನ ನೇಯಾಕತ್ತೀರಿ ಯಜಮಾನ್ರ?"

"ಸೆರಗರಿ. ಒಡಲ ಮುಗೀತು. ಈ ಸಲ ಗಿರಾಕಿ ದೊಡ್ಡ ಸೆರಗ ಬೇಕಂದಾರ. ವಾರದಿಂದ ಸೆರಗ ಹಿಡದೀನಿ."

ಸಾಹೇಬರು ಗಡಿಯಾರ ಹಿಡಿದು ನೋಡಿದ್ದು ಸೀರೆಯ ಒಡಲು ನೇಯುವಾಗ. ಅಲ್ಲಿ ಲಾಳಿಗೆ ತಡೆ ಇಲ್ಲ. ಸೆರಗಿನ ಚಿತ್ತಾರಕ್ಕೆ ಕೈಕೆಲಸ ಹೆಚ್ಚು, ಏಟು ನಿಧಾನ. ನಾನು ಒಂದೂವರೆ ನಿಮಿಷದ ನಾಡಿ ಎಣಿಸಿ ಒಂದು ನಿಮಿಷದ್ದೆಂದು ತಿಳಿದಿದ್ದೆ. ಎದೆಬಡಿತ ಇಳಿಯುತ್ತಿದ್ದಾಗ ಸಮ ಇದೆ ಎಂದು ಇನ್ನಷ್ಟು ಹನಿ ಹಾಕಿದ್ದೆ. ಮಗ್ಗ ಸುಳ್ಳು ಹೇಳಿರಲಿಲ್ಲ, ಭಾವನೂ ಹೇಳಿರಲಿಲ್ಲ. ಐದು ವರ್ಷದವನಿದ್ದಾಗಿನಿಂದ ಆ ಮಗ್ಗದ ಮನೆಯಲ್ಲೇ ಬೆಳೆದ ನನಗೇ ಸೆರಗಿನ ಏಟು ತಡ ಎಂಬುದು ಹೊಳೆಯಲಿಲ್ಲ. ಅಕ್ಕನನ್ನು ನಾನೇ ಕೊಲ್ಲುತ್ತಿದ್ದೆ ಎಂದು ಜೋರಾಗಿ ಅತ್ತೆ.

ಹನಿ ನಿಲ್ಲಿಸಿದರು. ಅಕ್ಕ ಎದ್ದು ಕೂಡಬಾರದೆಂದರು. ನಾಲ್ಕು ದಿನ, ದಿನಕ್ಕೆ ಮೂರು ಸಲ ಬಂದರು. ಬಂದಾಗಲೆಲ್ಲ ನಾಡಿ ನೋಡಿ, ಬಾಗಿಲಿನಿಂದ ಮಗ್ಗಕ್ಕೆ, ಮಗ್ಗದಿಂದ ಬಾಗಿಲಿಗೆ ತಿರುಗುತ್ತಿದ್ದರು. ನಲವತ್ತೆರಡು ನಲವತ್ತೆಂಟಾಯಿತು. ಐವತ್ತೈದಾಯಿತು. ಐದನೆಯ ದಿನ ಅಕ್ಕ ಮಲಗಿದಲ್ಲಿಂದಲೇ ಲಡಿಯೊಂದನ್ನು ತರಿಸಿ ಬೆಳಕಿಗೆ ಹಿಡಿದಳು. "ಬೆಳ್ಳಗೈತಿ" ಎಂದಳು. ಭಾವ ಮಗ್ಗದ ಕುಣಿಯಲ್ಲೇ ಮುಖ ಮುಚ್ಚಿಕೊಂಡ.

ಸಾಹೇಬರು ಅವಳ ಮುಂದೆ ಬಂದು ನಿಂತರು. "ಅಕ್ಕಾರ, ಮಾಸ್ತರಂದು ತಪ್ಪಿಲ್ಲ, ಯಜಮಾನ್ರದೂ ಇಲ್ಲ. ನಾ ನಿಂತಕಾಲ ಮ್ಯಾಲ ಎರಡ ದಿನ ಮಗ್ಗ ನೋಡಿ ಹೋದೆ. ಒಂದ ತಾಸು ಕೂತು ಕೇಳಿದ್ರ, ಸೀರಿಯೊಳಗ ಒಡಲ ಬ್ಯಾರೆ, ಸೆರಗ ಬ್ಯಾರೆ ಅಂತ ನೀವ ಹೇಳತಿದ್ರಿ. ತಪ್ಪು ನಂದು. ಮಾಫ ಮಾಡ್ರಿ."

ಸರಕಾರಿ ಡಾಕ್ಟರು ನೇಕಾರರ ಹೆಣ್ಣುಮಗಳ ಮುಂದೆ ಕೈ ಜೋಡಿಸುವುದೆಂದರೇನು. ಅಕ್ಕ ಮಣೆಯ ಕಡೆ ಕೈ ತೋರಿಸಿದಳು.

"ಹಂಗಾರ ಮೊದಲ ಕುಂಡ್ರೂದ ಕಲೀರಿ ಸಾಹೇಬ್ರ. ಆ ಮಣಿ ಹಾಕಿ ತಿಂಗಳಾತು."

ಅವರು ಕೂತರು. ಅಂದಿನಿಂದ ಒಂದು ಪದ್ಧತಿ ಆಯಿತು. ಸೀರೆ ಸೆರಗಿಗೆ ಬಂದ ದಿನ ನಾನು ದವಾಖಾನೆಗೆ ಹೇಳಿ ಹೋಗಬೇಕು, ಅವರು ತಮ್ಮ ಗಡಿಯಾರ ಹಿಡಿದು ತಾವೇ ಬರುತ್ತಿದ್ದರು. ಮಣೆಯ ಮೇಲೆ ಕೂತು ಪೂರಾ ಒಂದು ನಿಮಿಷ ಮುಂಗೈ ಹಿಡಿಯುತ್ತಿದ್ದರು. ಆ ಒಂದು ನಿಮಿಷ ಅವರಿಗೆ ಬಹಳ ಕಷ್ಟ ಎಂಬುದು ನೋಡಿದರೆ ತಿಳಿಯುತ್ತಿತ್ತು. ಹಣೆಯಲ್ಲಿ ಬೆವರು ಒಡೆಯುತ್ತಿತ್ತು.

ಇದನ್ನು ನಾನು ನೋಡಿ ಸುಮ್ಮನಿದ್ದೆ. ಅಕ್ಕ ಸುಮ್ಮನಿರುವವಳಲ್ಲ. ಒಂದು ದಿನ ಅವರು ಎಣಿಸಿ ಮುಗಿಸಿ ಏಳುವಷ್ಟರಲ್ಲಿ ಹೇಳಿದಳು:

"ಎಲ್ಲಾರದೂ ಎಣಸತೀರಿ. ನಿಮ್ಮದ ಯಾರ ಎಣಸತಾರ? ಕೊಡ್ರಿಲ್ಲೆ ಕೈ."

ಭಾವ ಗಂಟಲು ಸರಿಮಾಡಿಕೊಂಡ. ನಾನು ನೆಲ ನೋಡಿದೆ. ಸಾಹೇಬರು ತಮ್ಮನು ಕೊಟ್ಟ ಹಾಗೆ ಕೈ ಕೊಟ್ಟರು. ಅಕ್ಕ ಅವರ ಹಾಗೆಯೇ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ಕೂತಳು. ಆಮೇಲೆ ಕಣ್ಣು ತೆರೆದಳು.

"ಇದರಾಗ ನಡು ನಡು ಎಳಿ ತಪ್ಪೇತ್ರಿ."

"ಗೊತ್ತೈತಿ" ಎಂದು ಅವರು ನಕ್ಕರು. "ನನ್ನ ಬಾಗಿಲೂ ನಿಮ್ಮದರಂಗ. ಅಡ್ಡಾಡಿದ್ರ ತಿಳಿಯಂಗಿಲ್ಲ. ಸುಮ್ಮ ಕೂತ್ರ ಕೇಳಸತೈತಿ. ಎರಡ ಬಡೀತೈತಿ, ಮೂರನೇದಕ್ಕ ಕಾಯಸತೈತಿ. ನಮಾಜಿನ್ಯಾಗ ಸುದ್ದಾ ಅದ ಕೇಳಸತೈತಿ ಅಕ್ಕಾರ. ದೇವರ ಮುಂದೂ ನನ್ನ ಎದಿ ಮಾತಾಡೂದ ಬಿಡವಲ್ಲದು."

"ಮತ್ತ ನೀವ್ಯಾಕ ಹನಿ ತಗೊಳ್ಳಂಗಿಲ್ಲ?"

"ತಗೋತೇನಿ. ಅಂಜಿಕಿಗೆ ಹನಿ ಇಲ್ಲಲ್ಲರಿ."

ನಾನು ಓಣಿಯಲ್ಲಿ ನಗಿಸಿದ್ದು ಈ ಮನುಷ್ಯನ ಮೇಲೆ. ಅಂದು ಮನೆಯಿಂದ ಹೊರಬಿದ್ದು ಕೆರೆಯವರೆಗೆ ಸುಮ್ಮನೆ ನಡೆದು ಬಂದೆ. ನನಗೂ ಕೂಡಲಾಗಲಿಲ್ಲ.

ಎರಡು ವರ್ಷದ ಮೇಲೆ ಅವರಿಗೆ ಬಾಗಲಕೋಟೆಗೆ ವರ್ಗವಾಯಿತು. ಹೋಗುವ ವಾರ ಗಡಿಯಾರ ಹಿಡಿದು ನಮ್ಮ ಓಣಿಯ ಮನೆ ಮನೆ ಹೊಕ್ಕರು. ಯಾರ ಮಗ್ಗ ನಿಮಿಷಕ್ಕೆ ಎಷ್ಟು ಏಟು ಹೊಡೆಯುತ್ತದೆ, ಒಡಲಿಗೆ ಎಷ್ಟು, ಸೆರಗಿಗೆ ಎಷ್ಟು, ಎಲ್ಲ ಬರೆದುಕೊಂಡರು. ಓಣಿಯವರು ಸರಕಾರ ಹೊಸ ತೆರಿಗೆ ಹಾಕುತ್ತದೆಂದು ಅಂಜಿ, ಒಬ್ಬಿಬ್ಬರು ಬೇಕೆಂದೇ ನಿಧಾನ ನೇಯ್ದರು. ಅವರನ್ನು ಬೈದು ಮತ್ತೆ ನೇಯಿಸಿದರು. ಕೊನೆಗೆ ಅಕ್ಕನಿಗೆ ಹೇಳಿದರು: "ನಿಮ್ಮನ್ಯಾಗ ಸೆರಗ ಹಿಡದ ದಿನ ಗ್ವಾಡಿ ಆಚಿ ಮಗ್ಗ ಕೇಳ್ರಿ. ಅವರದು ಮೂವತ್ತೆರಡು. ಅವರೂ ಸೆರಗ ಹಿಡದ್ರ ಎದುರ ಮನೀದು ಕೇಳ್ರಿ. ಮೂವರೂ ಒಮ್ಮೆ ಹಿಡದ್ರ, ಆ ಹೊತ್ತಿನ ಹನಿ ಬ್ಯಾಡ." ಹೋಗುವಾಗ ಮಣೆಯ ಮೇಲೆ ಒಂದು ಗಳಿಗೆ ಕೂತು ಎದ್ದರು.

ಅವರು ತೀರಿದ ಸುದ್ದಿ ಮೂರು ವರ್ಷದ ಮೇಲೆ ಬಂತು. ಸೀರೆ ಕೊಳ್ಳಲು ಬಾಗಲಕೋಟೆಯಿಂದ ಬಂದ ವ್ಯಾಪಾರಿಯೊಬ್ಬ ಮಾತಿನ ನಡುವೆ ಹೇಳಿದ. ಅಕ್ಕ ಅಳಲಿಲ್ಲ. ನನ್ನನ್ನು ಒಂದೇ ಮಾತು ಕೇಳಿದಳು.

"ಕೂತಿದ್ರೋ, ನಿಂತಿದ್ರೋ?"

ನನಗೆ ಗೊತ್ತಿರಲಿಲ್ಲ. ವ್ಯಾಪಾರಿಗೂ ಗೊತ್ತಿರಲಿಲ್ಲ. ಎರಡು ದಿನ ಆ ಪ್ರಶ್ನೆ ನನ್ನನ್ನು ಸಾಲಿಯಲ್ಲಿ ನಿಲ್ಲಗೊಡಲಿಲ್ಲ, ಮನೆಯಲ್ಲಿ ಉಣ್ಣಗೊಡಲಿಲ್ಲ. ರಜೆ ಹಾಕಿ ಹುನಗುಂದ, ಅಮೀನಗಡದ ಮೇಲೆ ಹಾದು ಚಕ್ಕಡಿಯಲ್ಲಿ ಬಾಗಲಕೋಟೆಗೆ ಹೋದೆ. ದವಾಖಾನೆಯ ಕಂಪೌಂಡರ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ ಹೇಳಿದ.

"ಕೂತಿದ್ರರಿ. ಇಲ್ಲಿಗೆ ಬಂದ ಮ್ಯಾಲ ನಾಡಿ ಹಿಡಿಯೂ ಮುಂದ ಕೂತ ಹಿಡೀತಿದ್ರು. ಒಬ್ಬಾಕಿ ಮುದುಕಿ, ಕಾಯಿಪಲ್ಲೆ ಮಾರಾಕಿ, ಆಕಿ ಮುಂಗೈ ಹಿಡಕೊಂಡಿದ್ರು. ಈ ಕೈಯಾಗ ಗಡಿಯಾರ. ತಲಿ ಕೆಳಗ ಮಾಡಿ ಎಣಸಾಕತ್ತಾರ ಅಂತ ನಾವೆಲ್ಲಾ ತಿಳಕೊಂಡ್ವಿ. ಅವರು ಎಣಸೂ ಮುಂದ ಯಾರೂ ಮಾತಾಡೂ ಹಂಗಿರಲಿಲ್ಲರಿ. ಆ ಮುದುಕಿ ಭಾಳ ಹೊತ್ತು ಕೈ ಹಂಗ ಹಿಡದಿದ್ಲು. ಕಡೀಕ ಆಕೀನ ಅಂದ್ಲು, ಸಾಹೇಬ್ರ ಕೈ ತಣ್ಣಗಾಗೇತಲ್ಲ ಅಂತ."

ತಿರುಗಿ ಬಂದು ಅಕ್ಕನಿಗೆ ಅಷ್ಟನ್ನೂ ಹೇಳಿದೆ. ಭಾವ ಸೆರಗು ಹಿಡಿದಿದ್ದ, ಅವನ ಕೈ ನಿಂತಿತು. ಅಕ್ಕ ಗೋಡೆಗೆ ಬೆನ್ನು ಆನಿಸಿಕೊಂಡು ಕೇಳಿದಳು. ಮುಗಿದ ಮೇಲೆ, "ಕೂತಿದ್ರಲ್ಲ" ಎಂದಳು. ಇನ್ನೊಮ್ಮೆ, "ಕೂತಿದ್ರು" ಎಂದಳು. ಆಗ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ನನ್ನ ಕಡೆ ಕೈ ಚಾಚಿದಳು. ಹನಿಯ ಹೊತ್ತಾಗಿತ್ತು.

ನಾನು ಮುಂಗೈ ಹಿಡಿದೆ. ಗೋಡೆಯಾಚೆಯ ಮಗ್ಗ ಒಡಲಿನಲ್ಲಿತ್ತು. ಮೂವತ್ತೆರಡು ಏಟು ಮುಗಿದವು.

"ಎಷ್ಟಾತು?"

ನಾನು ಎಣಿಸಿರಲಿಲ್ಲ. ಹಿಡಿದುಕೊಂಡು ಕೂತಿದ್ದೆ, ಅಷ್ಟೇ.

"ಮತ್ತ ಎಣಸು. ಅವರಿದ್ರ ಬೈತಿದ್ರು."

ಮತ್ತೆ ಎಣಿಸಿದೆ. ಎಪ್ಪತ್ತೆರಡು ಬಂತು. ಹನಿ ಕೊಟ್ಟೆ.